ಬಿಸಿಲು ಪುಕ್ಕಟೆ, ಬಡ್ಡಿ ಅಲ್ಲ

ಸೋಲಾರ್ ಯೋಜನೆಗಳಿಗೆ ಸಾಲ ಕೊಡುವ ಸಂಸ್ಥೆಯೊಂದರಲ್ಲಿ ನನ್ನ ಕೆಲಸ. ಹೊಸಬರು ಫೈಲ್ ಕೈಗೆ ಬಂದ ಕೂಡಲೇ ಪ್ಯಾನೆಲ್ ಯಾವ ಕಂಪನಿಯದು, ಬಿಸಿಲು ಎಷ್ಟು ಅಂತ ನೋಡುತ್ತಾರೆ. ಕರೆಂಟ್ ಕೊಳ್ಳುವವರು ಯಾರು, ಅವರು ಬಿಲ್ ಕಟ್ಟದಿದ್ದರೆ ಏನು ಗತಿ ಅನ್ನುವುದನ್ನು ಮೊದಲು ಓದಿ ಅನ್ನುತ್ತೇನೆ ನಾನು.

ಕಲ್ಲಿದ್ದಲು ಸ್ಥಾವರಕ್ಕೆ ದಿನಾ ಕಲ್ಲಿದ್ದಲು ಕೊಳ್ಳಬೇಕು. ಸೋಲಾರ್‌ಗೆ ಹೆಚ್ಚುಕಡಿಮೆ ಎಲ್ಲ ಖರ್ಚೂ ಮೊದಲೇ, ಅದೂ ಬಹುಪಾಲು ಸಾಲದ ದುಡ್ಡು. ಒಂದು ಮೆಗಾವಾಟ್‌ಗೆ 3 ಕೋಟಿ ಸಾಲ, ವರ್ಷಕ್ಕೆ 18 ಲಕ್ಷ ಯೂನಿಟ್ ಅಂದುಕೊಳ್ಳಿ. ಬಡ್ಡಿ ಶೇ 1ರಷ್ಟು ಜಾಸ್ತಿಯಾದರೆ ಮೊದಲ ವರ್ಷವೇ 3 ಲಕ್ಷ ಹೊರೆ. ಯೂನಿಟ್‌ಗೆ 16-17 ಪೈಸೆ! ಸೋಲಾರ್ ಹರಾಜಿನಲ್ಲಿ ಗೆಲ್ಲುವುದು ಕಡಿಮೆ ದರ ಕೇಳಿದವರು. 2017ರಲ್ಲಿ ರಾಜಸ್ಥಾನದ ಭಡ್ಲಾ ಹರಾಜಿನಲ್ಲಿ ಗೆದ್ದ ದರಗಳು ಯೂನಿಟ್‌ಗೆ 2.44 ಮತ್ತು 2.45 ರೂಪಾಯಿ. ಒಂದೊಂದು ಪೈಸೆಗೂ ಗುದ್ದಾಡುವ ಧಂದೆ ಇದು.

ಮಧ್ಯಪ್ರದೇಶದ ರೀವಾ ನನಗೆ ಇಷ್ಟದ ಉದಾಹರಣೆ. 750 ಮೆಗಾವಾಟ್‌ನ ಈ ಯೋಜನೆಗೆ 2017ರ ಫೆಬ್ರವರಿಯಲ್ಲಿ ಬಂದ ಮೊದಲ ವರ್ಷದ ದರ 2.97 ರೂಪಾಯಿ. ಪ್ಯಾನೆಲ್ ಬೆಲೆ ಇಳಿದಿತ್ತು, ನಿಜ. ಆದರೆ ಒಪ್ಪಂದ ಬರೆದವರ ಜಾಣತನವೂ ಅದರಲ್ಲಿದೆ. ಬಿಲ್ ಬಾಕಿಯಾದರೆ ಮೊದಲು ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್, ಅಂದರೆ ಕೊಳ್ಳುವವರ ಪರವಾಗಿ ತಾನು ದುಡ್ಡು ಕಟ್ಟುತ್ತೇನೆ ಅಂತ ಬ್ಯಾಂಕು ಬರೆದುಕೊಟ್ಟ ಪತ್ರ. ಅದು ಸಾಲದಿದ್ದರೆ ಇದಕ್ಕೆಂದೇ ತೆಗೆದಿಟ್ಟ ನಿಧಿ. ಅದೂ ಖಾಲಿಯಾದರೆ ರಾಜ್ಯ ಸರ್ಕಾರದ ಗ್ಯಾರಂಟಿ. ಗ್ರಿಡ್, ಅಂದರೆ ಕರೆಂಟ್ ಸಾಗಿಸುವ ಲೈನುಗಳ ಜಾಲ, ಸಿಗದೆ ಕರೆಂಟ್ ವ್ಯರ್ಥವಾದರೂ ಪರಿಹಾರ ಇದೆ. ಜೊತೆಗೆ ಶೇ 24ರಷ್ಟು ಕರೆಂಟ್ ಕೊಳ್ಳುವುದು ದೆಹಲಿ ಮೆಟ್ರೋ. ಹೀಗೆ ಬರೆದುಕೊಟ್ಟರೆ ಸಾಲ ಕೊಡುವವನು ನೆಮ್ಮದಿಯಾಗಿ ನಿದ್ದೆ ಮಾಡುತ್ತಾನೆ, ಬಡ್ಡಿಯನ್ನೂ ಇಳಿಸುತ್ತಾನೆ, ಅಲ್ವಾ?

ವಿಯೆಟ್ನಾಂ ಬೇರೆ ದಾರಿ ಹಿಡಿಯಿತು. ಯೂನಿಟ್‌ಗೆ 9.35 ಅಮೆರಿಕನ್ ಸೆಂಟ್ ಅಂತ ಒಳ್ಳೆಯ ದರ ಘೋಷಿಸಿತು. 2020ರ ಕೊನೆಗೆ ಸೋಲಾರ್ 16 ಗಿಗಾವಾಟ್ ದಾಟಿತು. ವೇಗ ನೋಡಿದರೆ ಬೆರಗಾಗುತ್ತದೆ. ಆದರೆ ಗ್ರಿಡ್ ತುಂಬಿ ಕರೆಂಟ್ ತೆಗೆದುಕೊಳ್ಳಲಾಗದಿದ್ದರೆ ಆ ನಷ್ಟ ಸ್ಥಾವರದವರದೇ ಅಂತ ಒಪ್ಪಂದದಲ್ಲಿತ್ತು. ನಿನ್ ಥುವಾನ್ ಪ್ರಾಂತ್ಯದ ಕಡೆ ಲೈನ್ ಸಾಲದೆ ಉತ್ಪಾದನೆಯನ್ನೇ ತಗ್ಗಿಸಬೇಕಾಯಿತು. ಇಂಥ ಒಪ್ಪಂದ ನೋಡಿ ವಿದೇಶಿ ಬ್ಯಾಂಕುಗಳು ಹಿಂದೇಟು ಹಾಕಿದವು. ಹೆಚ್ಚಾಗಿ ಸಾಲ ಕೊಟ್ಟವರು ಅಲ್ಲಿನ ಬ್ಯಾಂಕುಗಳೇ.

2022ರ ಡಿಸೆಂಬರ್‌ನಲ್ಲಿ ಶ್ರೀಮಂತ ದೇಶಗಳ ಗುಂಪು, ಕಲ್ಲಿದ್ದಲು ಬಿಟ್ಟು ಶುದ್ಧ ಕರೆಂಟ್ ಕಡೆ ಹೊರಳಲು ವಿಯೆಟ್ನಾಂಗೆ 15.5 ಬಿಲಿಯನ್ ಡಾಲರ್ ನೆರವು ಘೋಷಿಸಿತು. ಅದರಲ್ಲಿ ಅನುದಾನ ತೀರಾ ಕಡಿಮೆ. ಅರ್ಧ ದುಡ್ಡನ್ನು ಖಾಸಗಿ ಬ್ಯಾಂಕುಗಳು, ಹೂಡಿಕೆದಾರರು ತರಬೇಕು. ಗ್ರಿಡ್ ತುಂಬಿದಾಗಿನ ನಷ್ಟ ಸ್ಥಾವರದ ತಲೆಗೇ ಅಂತಿದ್ದರೆ ಈ ಬ್ಯಾಂಕುಗಳು, ಹೂಡಿಕೆದಾರರು ಕಡಿಮೆ ಬಡ್ಡಿಗೆ ಬರುವುದು ಕಷ್ಟ.