ಮ್ಯಾನೇಜರ್ ಊರಲ್ಲಿಲ್ಲದ ದಿನದ ಅನುಮೋದನೆ

ಮಾಹಿತಿ ಸುರಕ್ಷತೆಯ ಲೆಕ್ಕಪರಿಶೋಧನೆಗೆಂದು ಮಂಡ್ಯದ ಒಂದು ಸಹಕಾರಿ ಬ್ಯಾಂಕಿನ ಶಾಖೆಗೆ ಹೋಗಿದ್ದೆ. ಕಡತಗಳು ಅಚ್ಚುಕಟ್ಟಾಗಿದ್ದವು. ನಗರ ಸಹಕಾರಿ ಬ್ಯಾಂಕುಗಳಿಗಾಗಿ ರಿಸರ್ವ್ ಬ್ಯಾಂಕ್ 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಸೈಬರ್ ಸುರಕ್ಷತಾ ಚೌಕಟ್ಟಿಗೆ ತಕ್ಕ ನೀತಿ, ಅದಕ್ಕೆ ಆಡಳಿತ ಮಂಡಳಿಯ ಒಪ್ಪಿಗೆ, ತರಬೇತಿಗೆ ಬಂದವರ ಸಹಿ, ಯಾವುದಕ್ಕೂ ಕೊರತೆಯಿಲ್ಲ.

ಕೌಂಟರಿನ ಹಿಂದೆ ಹೋಗಿ ಕುಳಿತೆ. ಕಾರ್ಖಾನೆಯಿಂದ ಕಬ್ಬಿನ ಹಣ ಜಮೆಯಾದ ವಾರ. ಸಾಲು ಬಾಗಿಲು ದಾಟಿ ಮೆಟ್ಟಿಲಿಗಿಳಿದಿತ್ತು. ದೊಡ್ಡ ಮೊತ್ತವಾದರೆ ಒಬ್ಬರು ನಮೂದಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು. ಅನುಮೋದಿಸಬೇಕಾದ ಮ್ಯಾನೇಜರ್ ಸಾಲಗಾರರ ಜಮೀನು ನೋಡಲು ಹಳ್ಳಿಗೆ ಹೋಗಿದ್ದರು. ಕ್ಲರ್ಕ್ ಮೇಡಂ ತಾವೇ ನಮೂದಿಸಿದರು. ಆಮೇಲೆ ಚಕ್ರದ ಕುರ್ಚಿಯನ್ನು ಪಕ್ಕದ ಕಂಪ್ಯೂಟರಿನತ್ತ ತಳ್ಳಿಕೊಂಡು, ಕೀಲಿಮಣೆಯನ್ನು ನೋಡದೆಯೇ ಮ್ಯಾನೇಜರ ಪಾಸ್‌ವರ್ಡ್ ಒತ್ತಿ, ತಾವೇ ಅನುಮೋದಿಸಿದರು.

"ಏನು ಮೇಡಂ ಇದು?" ಎಂದೆ.

"ನೀವೇ ಹೇಳಿ ಸಾರ್, ಆ ಯಜಮಾನರಿಗೆ ಸಂಜೆವರೆಗೆ ಕಾಯಿರಿ ಎನ್ನಲೇ?"

ಇಂಥ ಕಡೆ ನಮ್ಮವರು ಬರೆಯುವುದು ಒಂದೇ: ಸಿಬ್ಬಂದಿಗೆ ಅರಿವು ಸಾಲದು, ತರಬೇತಿ ಕೊಡಿ. ಎಲ್ಲ ಕಾಯಿಲೆಗೂ ಅದೇ ಕಷಾಯ. ಅವರಿಗೋ ಅರಿವು ಬೇಕಾದಷ್ಟಿತ್ತು. ಒಟಿಪಿ ಯಾರಿಗೂ ಹೇಳಬೇಡಿ ಎಂದು ಗ್ರಾಹಕರನ್ನು ದಿನವೂ ಎಚ್ಚರಿಸುವವರೇ ಅವರು. ಇಲ್ಲದಿದ್ದದ್ದು ಅನುಮೋದಿಸುವ ಇನ್ನೊಂದು ಕೈ.

ತಪ್ಪನ್ನು ತಪ್ಪೆಂದೇ ಬರೆದೆ. ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಯಾರು ಯಾವಾಗ ಏನು ಮಾಡಿದರೆಂಬ ಕಂಪ್ಯೂಟರ್ ದಾಖಲೆಗಳಾದ ಲಾಗ್‌ಗಳನ್ನು 180 ದಿನ ಇಟ್ಟುಕೊಂಡಿರಬೇಕು ಎನ್ನುತ್ತದೆ ದೇಶದ ಸೈಬರ್ ಸುರಕ್ಷತೆಯನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನ. ಇಟ್ಟುಕೊಂಡ ಲಾಗ್‌ನಲ್ಲಿ, ಹಳ್ಳಿಯ ಗದ್ದೆಯ ಬದುವಿನ ಮೇಲೆ ನಿಂತಿದ್ದ ಮನುಷ್ಯ ಅದೇ ಹೊತ್ತಿಗೆ ಶಾಖೆಯಲ್ಲಿ ಅನುಮೋದನೆ ಕೊಟ್ಟಂತೆ ದಾಖಲಾಗಿದ್ದರೆ, ನಾಳೆ ಹಣ ಹೋದಾಗ ಯಾರನ್ನು ಕೇಳುವುದು?

ಪರಿಹಾರದ ಅಂಕಣದಲ್ಲಿ ಮಾತ್ರ ತರಬೇತಿಯ ಸುದ್ದಿ ಎತ್ತಲಿಲ್ಲ. ಮ್ಯಾನೇಜರ್ ಹೊರಗಿದ್ದಾಗ ಒಂದು ಮಿತಿಯವರೆಗೆ ಶಾಖೆಯ ಅಕೌಂಟೆಂಟ್ ತಮ್ಮದೇ ಲಾಗಿನ್‌ನಿಂದ ಅನುಮೋದಿಸಲಿ, ಅದನ್ನು ಮೀರಿದ್ದು ಪ್ರಧಾನ ಕಚೇರಿಗೆ ಹೋಗಲಿ, ಪಾಸ್‌ವರ್ಡಿನ ಜೊತೆಗೆ ಬೆರಳಚ್ಚೂ ಕಡ್ಡಾಯವಾಗಲಿ ಎಂದು ಬರೆದೆ.

ಪ್ರಧಾನ ಕಚೇರಿಯ ಹಿರಿಯರೊಬ್ಬರು ಓದಿ, "ತರಬೇತಿ ಎಂದಿದ್ದರೆ ಈ ತಿಂಗಳೇ ಮುಗಿಸಿಬಿಡುತ್ತಿದ್ದೆವು. ಇದಕ್ಕೆ ಮಂಡಳಿಯ ನಿರ್ಣಯವೇ ಬೇಕಲ್ಲ ಸಾರ್" ಎಂದು ನಕ್ಕರು. ಅಧಿಕಾರ ಹಂಚಿಕೆಗೆ ಮುಂದಿನ ಸಭೆಯಲ್ಲೇ ಒಪ್ಪಿಗೆ ಸಿಕ್ಕಿತು. ಬೆರಳಚ್ಚು ಯಂತ್ರ ಮುಂದಿನ ವರ್ಷದ ಬಜೆಟ್ಟಿಗೆ ಹೋಯಿತು.