ಜೆಂಬರದ ದಿನ ನಾಯಿಯನ್ನು ಏನು ಮಾಡುವುದು?

ದೀಪಾವಳಿ ಕಳೆಯಿತೆಂದರೆ ನಮ್ಮ ಕಾಸರಗೋಡಿನ ಕಡೆ ಜೆಂಬರಗಳ, ಅಂದರೆ ಜನ ಸೇರಿ ಊಟ ಮಾಡುವ ಸಮಾರಂಭಗಳ ಕಾಲ. ಮಳೆ ಬಿಟ್ಟಿರುತ್ತದೆ, ಅಂಗಳಕ್ಕೆ ಚಪ್ಪರ ಬೀಳುತ್ತದೆ. ಪೂಜೆ, ಮದುವೆ, ಉಪನಯನ, ಗದ್ದೆಯಲ್ಲಿ ಹರಕೆಯ ಬಯಲಾಟ, ತರವಾಡು ಮನೆಗಳಲ್ಲಿ, ಅಂದರೆ ಕುಟುಂಬದ ಮೂಲಮನೆಗಳಲ್ಲಿ, ದೈವದ ಕೋಲ, ತೆಯ್ಯಂ. ಡಿಸೆಂಬರ್ ಕೊನೆಗೆ ಶಾಲೆಗೆ ರಜೆ ಸಿಕ್ಕಿ ಬೆಂಗಳೂರಿನ ನೆಂಟರೂ ಬರುತ್ತಾರೆ. ಮನೆಯಲ್ಲಿ ನಾಯಿ ಇರುವವರು ಈ ದಿನಗಳಲ್ಲಿ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಅಷ್ಟು ಜನ ಸೇರುವಾಗ ನಾಯಿಯನ್ನು ಕಟ್ಟಿ ಹಾಕಬೇಕಾ, ಬಿಡಬೇಕಾ?"

ದೊಡ್ಡ ಜೆಂಬರವಾದರೆ ಅದಕ್ಕೊಂದು ಕೋಣೆ ಕೊಟ್ಟು ಬಾಗಿಲು ಹಾಕಿಡಿ. ನಾಲ್ಕು ಜನ ಊಟಕ್ಕೆ ಬರುವ ದಿನವಾದರೆ ಬಾಗಿಲು ತೆರೆದಿಡಿ, ಬೇಕಿದ್ದರೆ ಅದೇ ಬರುತ್ತದೆ. ಕಟ್ಟುವುದು ಮಾತ್ರ ಬೇಡ.

ಯಾಕೆ ಬೇಡ ಅಂದರೆ, ನಾವು ನಾಯಿ ಕಟ್ಟುವುದು ದನದ ಹಟ್ಟಿಯ ಪಕ್ಕ ಅಥವಾ ಗೇಟಿನ ಹತ್ತಿರ. ಬಂದವರೆಲ್ಲ ನಡೆಯುವ ದಾರಿಯೇ ಅದು. ಹೆದರಿದ ನಾಯಿ ಮೊದಲು ಮಾಡುವುದು ದೂರ ಹೋಗುವುದು. ಸಂಕಲೆ ಅದಕ್ಕೂ ಅವಕಾಶ ಕೊಡುವುದಿಲ್ಲ. ಆಮೇಲೆ ಉಳಿಯುವುದು ಗುರ್ ಅನ್ನುವುದು, ಅದರ ನಂತರ ಕಚ್ಚುವುದು. ಗುರ್ ಅಂದದ್ದಕ್ಕೆ ಹೊಡೆಯಲೇಬೇಡಿ. ಹತ್ತಿರ ಬರಬೇಡ ಎಂದು ಅದು ಹೇಳುವ ಮಾತು ಅದು. ಹೊಡೆದು ಆ ಮಾತನ್ನು ನಿಲ್ಲಿಸಿದರೆ ಮುಂದಿನ ಸಲ ಸದ್ದಿಲ್ಲದೆ ಕಚ್ಚುತ್ತದೆ.

ಕೋಣೆಯನ್ನು ಜೆಂಬರದ ದಿನ ಬೆಳಗ್ಗೆ ತೋರಿಸಿದರೆ ಅದು ನಾಯಿಗೆ ಜೈಲೇ. ಒಂದೆರಡು ವಾರ ಮೊದಲೇ ಅದರ ಊಟವನ್ನು ಅಲ್ಲೇ ಹಾಕಲು ಶುರು ಮಾಡಿ. ಒಲೆ ಹೂಡುವ ಜಾಗಕ್ಕೂ ಮೈಕಿಗೂ ದೂರ ಇರುವ, ನೆಂಟರು ಬ್ಯಾಗ್ ಇಡಲು ಬಾರದ ಕೋಣೆ ಆಗಬೇಕು. ನಮ್ಮ ನಾಯಿ ದಾಸುವಿಗೆ ಹಿಂದಿನ ಉಗ್ರಾಣ. ಮೂಲೆಯಲ್ಲಿ ಮಂಚ, ಅದರ ಅಡಿಯಲ್ಲಿ ಅವನ ಹಳೆಯ ಗೋಣಿ. ಆ ಗೋಣಿಯನ್ನು ಹಬ್ಬದ ಹೆಸರಲ್ಲಿ ಯಾರೂ ತೊಳೆಯಬಾರದು. ಅದರಲ್ಲಿ ಅವನದೇ ವಾಸನೆ ಇದೆ, ಧೈರ್ಯವೂ ಅದರಲ್ಲೇ ಇದೆ. ಕಿಟಕಿ ಮುಚ್ಚಿ ಫ್ಯಾನ್ ಹಾಕಿದರೆ ಹೊರಗಿನ ಗದ್ದಲ ಸ್ವಲ್ಪ ಮಾಸುತ್ತದೆ. ಚಳಿಗೆ ಸ್ವೆಟರ್ ಬೇಕಾ ಎಂದೂ ಕೇಳುತ್ತಾರೆ. ನಮ್ಮಲ್ಲಿನ ಚಳಿಗೆ ದೊಡ್ಡ ನಾಯಿಗೆ ಬೇಕಾಗಿಲ್ಲ. ಮುದಿ ನಾಯಿಗೂ ಮರಿಗೂ ಸಿಮೆಂಟ್ ನೆಲದ ಮೇಲೆ ಇನ್ನೊಂದು ಗೋಣಿ ಸಾಕು.

ಜನ ಬರುವ ಹೊತ್ತಿಗೆ ನಾನು ಕಲ್ಲು ಮರಿಗೆಯಲ್ಲಿ (ಕಲ್ಲಿನ ಬೋಗುಣಿ) ಅನ್ನ ಮೊಸರು ಗಟ್ಟಿಯಾಗಿ ಕಲಸಿ, ಒಳಬದಿಗೆಲ್ಲ ತೆಳ್ಳಗೆ ಒತ್ತಿ ಸವರಿ ಕೊಡುತ್ತೇನೆ. ತಟ್ಟೆಯಲ್ಲಿ ಹಾಕಿದರೆ ಎರಡು ಗುಟುಕಿಗೆ ಮುಗಿಯುತ್ತದೆ. ಹೀಗೆ ಸವರಿದ್ದನ್ನು ದಾಸು ಮರಿಗೆಗೆ ಮುಂಗಾಲು ಅಡ್ಡ ಇಟ್ಟು, ಅಂಚು ಹಿಡಿದು ಸುತ್ತಲೂ ನೆಕ್ಕುತ್ತಾನೆ. ನೆಕ್ಕುತ್ತ ನೆಕ್ಕುತ್ತ ಕಿವಿ ಇಳಿಯುತ್ತದೆ, ಉಸಿರು ನಿಧಾನವಾಗುತ್ತದೆ. ನೆಕ್ಕುವ ಕೆಲಸಕ್ಕೇ ನಾಯಿಯನ್ನು ಸಮಾಧಾನ ಮಾಡುವ ಗುಣ ಇದೆ.

ಹೊರಗೆ ಬಿಟ್ಟಾಗ ಮನೆಯ ಒಬ್ಬರ ಕಣ್ಣು ಅದರ ಮೇಲೆ ಇರಲೇಬೇಕು. ನಿದ್ದೆ ಬಾರದೆ ಆಕಳಿಸುವುದು, ತಿನ್ನಲು ಏನೂ ಇಲ್ಲದೆ ತುಟಿ ನೆಕ್ಕುವುದು, ಮುಖ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ತಂಪಿನ ಬೆಳಗ್ಗೆಯೂ ಏದುಸಿರು ಬಿಡುವುದು. ಇದೆಲ್ಲ "ನನಗೆ ಸಾಕಾಯಿತು" ಅನ್ನುವ ಲಕ್ಷಣ. ಬಾಲ ಅಲ್ಲಾಡಿಸಿತು ಎಂದ ಮಾತ್ರಕ್ಕೆ ಖುಷಿ ಎಂದಲ್ಲ. ಮಕ್ಕಳಿಗೆ ಮೊದಲೇ ಹೇಳಿಬಿಡಿ: "ಮಗಾ, ಕೈ ಚಾಚಬೇಡ, ತಬ್ಬಬೇಡ. ಅದೇ ಬಂದು ಮೂಸಿದರೆ ಮಾತ್ರ ಮುಟ್ಟು." ಈ ಮಾತು ಹೇಳಲು ಸಂಕೋಚ ಬೇಡ. ರೇಬಿಸ್ ಚುಚ್ಚುಮದ್ದಿನ ಕಾರ್ಡನ್ನು ಜೆಂಬರಕ್ಕೆ ಮೊದಲು ತೆಗೆದು ನೋಡಿ. ಹಲ್ಲು ತಾಗಿಯೇ ಬಿಟ್ಟರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು.

ಊಟದ ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. "ಪಾಪ, ಅದೂ ಒಂದು ಜೀವ ಅಲ್ವಾ, ಸ್ವಲ್ಪ ಪಾಯಸ ಹಾಕು" ಎಂದು ದೊಡ್ಡಮ್ಮಂದಿರು ಹೇಳುವುದು ಪ್ರೀತಿಯಿಂದಲೇ. ಆದರೆ ಪಾಯಸದ ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತದೆ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲ ಇದಕ್ಕೆ ಕಾರಣ ಇರಬಹುದು ಎಂದು 2021ರಲ್ಲಿ ಅಮೆರಿಕದ ಪಶುವೈದ್ಯರು ಸೂಚಿಸಿದರು. ನಮ್ಮ ಹುಣಸೆಹುಳಿಯಲ್ಲೂ ಇರುವುದು ಅದೇ ಆಮ್ಲ. ಹಾಗಾಗಿ ಸಾರು, ಕೊದಿಲು (ನಮ್ಮ ಕಡೆಯ ಸಾಂಬಾರು) ಕಲಸಿದ ಅನ್ನವೂ ಬೇಡ. ಪೂಜೆಯ ಅಡುಗೆಯಲ್ಲಿ ನೀರುಳ್ಳಿ ಇರುವುದಿಲ್ಲ, ಸರಿ. ಹಿಂದಿನ ರಾತ್ರಿ ಚಪ್ಪರ ಹಾಕಲು ಬಂದವರಿಗೆ ಮಾಡಿದ ಬಜೆಯಲ್ಲಿ, ಅಂದರೆ ಬಜ್ಜಿಯಲ್ಲಿ, ಇರುತ್ತದೆ. ನೀರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ತುಪ್ಪ ಸುರಿದ ಹೋಳಿಗೆಯಿಂದ ಮೇದೋಜೀರಕ ಗ್ರಂಥಿ ಊದಿಕೊಂಡು ವಾಂತಿ ಶುರುವಾಗಬಹುದು. ಎಲ್ಲಕ್ಕಿಂತ ಜಾಸ್ತಿ ಅಪಾಯ ಎಂಜಲೆಲೆಯ ರಾಶಿ. ಕೊನೆಯ ಪಂಕ್ತಿ ಎದ್ದ ಕೂಡಲೇ ಗುಂಡಿಗೆ ಹಾಕಿ ಮಣ್ಣು ಮುಚ್ಚಿಸಿ. ಅದಾದ ಮೇಲೆಯೇ ನಾಯಿಯನ್ನು ಬಿಡಿ.

ಬೆಡಿಯ, ಅಂದರೆ ಸಿಡಿಮದ್ದಿನ ಮಾತು ಬೇರೆ. ಜನವರಿಯಲ್ಲಿ ಕುಂಬಳೆ ಆಯನದ (ಅಲ್ಲಿನ ದೇವಸ್ಥಾನದ ಜಾತ್ರೆ) ಬೆಡಿ ನೋಡಲು ಊರಿಗೆ ಊರೇ ಹೋಗುತ್ತದೆ. ದಯವಿಟ್ಟು ನಾಯಿಯನ್ನು ಕರೆದುಕೊಂಡು ಹೋಗಬೇಡಿ. ಅಭ್ಯಾಸ ಆಗುತ್ತದೆ ಅನ್ನುವುದು ಸುಳ್ಳು, ಹೆದರಿಕೆ ವರ್ಷದಿಂದ ವರ್ಷಕ್ಕೆ ಏರುವ ನಾಯಿಗಳೂ ಇವೆ. ಮೈಕ್ ಕೀಂಯ್ ಅಂದಾಗಲೂ ಅಷ್ಟೇ. ನಮ್ಮ ಕಿವಿ 20,000 ಹರ್ಟ್ಸ್‌ಗೆ ನಿಂತರೆ ನಾಯಿಯ ಕಿವಿ ಸುಮಾರು 45,000ದ ತನಕ ಹೋಗುತ್ತದೆ. ಸದ್ದಿಗೆ ನಡುಗುವಾಗ ಮುದ್ದಿಸಿದರೆ ಹೆದರಿಕೆ ಇನ್ನೂ ಹೆಚ್ಚುತ್ತದೆ ಎಂದು ಹಿರಿಯರು ಹೇಳುತ್ತಾರೆ. ಹಾಗೇನೂ ಇಲ್ಲ. ಹತ್ತಿರ ಬಂದರೆ ಕೂರಿಸಿಕೊಳ್ಳಿ, ಬೆನ್ನು ಸವರಿ. ಮಂಚದಡಿ ಹೊಕ್ಕರೆ ಮಾತ್ರ ಎಳೆದು ಹೊರಗೆ ತರಬೇಡಿ. ತುಂಬಾ ಹೆದರುವ ನಾಯಿಗೆ ಮದ್ದು ಇದೆ. ಒಂದೆರಡು ವಾರ ಮೊದಲೇ ಪಶುವೈದ್ಯರ ಹತ್ತಿರ ಹೋಗಿ ಕೇಳಿ. ಮನುಷ್ಯರ ನಿದ್ದೆ ಮಾತ್ರೆ ಕೊಡಲೇಬಾರದು. ಮೈಯನ್ನು ಮಾತ್ರ ಸಡಿಲ ಮಾಡಿ ಹೆದರಿಕೆಯನ್ನು ಹಾಗೇ ಬಿಡುವ ಮದ್ದುಗಳೂ ಇವೆ, ಅದಕ್ಕೇ ಡಾಕ್ಟರನ್ನು ಕೇಳಿ ಅನ್ನುವುದು. ಬೆಡಿಯ ರಾತ್ರಿ ಓಡಿಹೋದ ನಾಯಿಗೆ ದಾರಿ ತಪ್ಪುತ್ತದೆ. ಕೊರಳಪಟ್ಟಿಯಲ್ಲಿ ಫೋನ್ ನಂಬರ್ ಬರೆದಿರಲಿ.

ಮರುದಿನ ನಾಯಿ ಊಟ ಬಿಟ್ಟು ಸುಮ್ನೆ ಮಲಗಿದರೆ ಗಾಬರಿ ಬೇಡ. ಮೈಗೆ ಏರಿದ ಒತ್ತಡ ಇಳಿಯಲು ಒಂದೆರಡು ದಿನ ಬೇಕು. ಉಳಿದುಕೊಂಡ ನೆಂಟರ ಮಕ್ಕಳಿಂದ ಅದನ್ನು ಅಷ್ಟು ದಿನ ದೂರ ಇಡಿ. ವಾಂತಿ ಆದರೆ, ನೀರನ್ನೂ ಮುಟ್ಟದಿದ್ದರೆ ಕಾಯಬೇಡಿ, ಅದೇ ದಿನ ಡಾಕ್ಟರಿಗೆ ತೋರಿಸಿ. ಏನು ತಿಂದಿರಬಹುದು ಎಂದು ಅಡಿಗೆಯವರನ್ನು ಕೇಳಿಕೊಂಡೇ ಹೋಗಿ.