27 ಮನೆಯ ಕೋಷ್ಟಕ

ಆನ್‌ಲೈನ್ ನಿಘಂಟಿಗೆ ಕ್ರಿಯಾಪದಗಳ ಕೋಷ್ಟಕ ಮಾಡುತ್ತಾ ಮೂರನೇ ರಾತ್ರಿ. 'ಬರು' ಒಂದಕ್ಕೇ ನಾನು, ನೀನು, ಅವಳು ಅಂತ 9 ಸಾಲು, ಮೂರು ಕಾಲ. ಒಟ್ಟು 27 ಮನೆ! ಮೊಬೈಲಿನಲ್ಲಿ ಅರ್ಧ ಪರದೆಯಾಚೆ ಹೋಗಿ ಕೂತಿತ್ತು.

ಆಮೇಲೆ ಕತ್ತರಿ ಹಿಡಿದೆ. ಬರುತ್ತೇನೆ, ಬರುತ್ತಾಳೆ ಎಲ್ಲ ಒಂದೇ ಅಚ್ಚು, ಪ್ರತಿ ಪದಕ್ಕೂ ಸುಮ್ನೆ ಯಾಕೆ ಬರೆಯಬೇಕು? ಭವಿಷ್ಯತ್ ಕಾಲವನ್ನು ಒಂದು ಬಟನ್ನಿನ ಹಿಂದೆ ಮಡಚಿಟ್ಟೆ. ನಾಳೆ 'ಬರುವೆನು' ಅಂತ ಮನೆಯಲ್ಲಿ ಯಾರೂ ಹೇಳಲ್ಲ, ಅಲ್ವಾ? 'ಬರಲಿಲ್ಲ' ಎಲ್ಲರಿಗೂ ಒಂದೇ, ಒಂದು ಮನೆ ಸಾಕು. ಇಲ್ಲ ಅನ್ನುವಾಗ ನಾನು, ನೀನು ಭೇದವೇ ಇಲ್ಲ ನೋಡಿ!

ತೊಂದರೆ ಇರುವುದು ಭೂತಕಾಲದಲ್ಲೇ. ಮಾಡು ಮಾಡಿದ ಆಗುತ್ತೆ, ಕೊಡು ಕೊಟ್ಟ ಆಗುತ್ತೆ, ಬೀಳು ಬಿದ್ದ, ತರು ತಂದ. ಕಲಿಯುವವರು ಎಡವುವುದು ಇಲ್ಲೇ. ಅದಕ್ಕೇ ಆ ರೂಪವನ್ನು ದಪ್ಪಕ್ಷರದಲ್ಲಿ ಮೇಲೇ ಇಟ್ಟೆ. ಅದರ ಪಕ್ಕ 'ಅದು' ರೂಪಕ್ಕೊಂದು ಮನೆ. ಬಂತು, ಹೋಯಿತು, ಕೊಟ್ಟಿತು, ಒಂದಕ್ಕೊಂದು ತಾಳೆಯಿಲ್ಲ.

ಈಗ 'ಬರು' ಆರು ಮನೆಯಲ್ಲಿ ಮುಗಿಯುತ್ತೆ. 'ಬಾ' ಎಲ್ಲಿಡೋದು ಅಂತ ಇನ್ನೂ ಹೊಳೆದಿಲ್ಲ. ಕಾಫಿ ಆರಿಹೋಗಿದೆ.